ಮುಖ ಅಳಿದ ದೇವದೂತನ ಕೆಳಗೆ

ಚರ್ಚಿನ ಕಲ್ಲಿನ ಮೆಟ್ಟಿಲ ಮೇಲೆ ಗಂಡಸರ ಬೂಟು ಒಂದು ಜೊತೆ ಇದ್ದವು.

ಬೆನ್ನಿನ ಚೀಲ ಸರಿಮಾಡಿಕೊಳ್ಳುತ್ತಿದ್ದ ನೌಶೀನ್ ಹಾಗೇ ನಿಂತುಬಿಟ್ಟಳು. ಬೂಟುಗಳು ಗೋಡೆಗೆ ಒತ್ತಿಕೊಂಡು, ಮೂತಿ ಹೊರಗೆ ಮಾಡಿಕೊಂಡು ಕೂತಿದ್ದವು. ಒಳಗೆ ಕಾಲುಚೀಲ ಮಡಚಿ ತುರುಕಿತ್ತು.

ಸ್ವೀಡನ್ನಿನ ಜನ ಮನೆಯೊಳಗೆ ಬೂಟು ಹಾಕಿಕೊಂಡು ಕಾಲಿಡುವುದಿಲ್ಲ, ನಿಜ. ಆದರೆ ಚರ್ಚಿಗೆ ಬೂಟು ಹಾಕಿಕೊಂಡೇ ಹೋಗುತ್ತಾರೆ. ಇದು ನೌಶೀನಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಚರ್ಚಿನ ಬಾಗಿಲಲ್ಲಿ ಅವಳ ಕಾಲು ತಾನಾಗಿಯೇ ಬೂಟು ಬಿಡುತ್ತಿತ್ತು. ಚಿಕ್ಕಂದಿನಿಂದ ಬಂದ ಅಭ್ಯಾಸ, ಎಷ್ಟು ಓದಿದರೂ ಹೋಗುವಂಥದ್ದಲ್ಲ.

'ಯಾರೋ ನಮ್ಮ ಕಡೆಯವರು...'

ತನ್ನ ಬೂಟನ್ನೂ ಪಕ್ಕದಲ್ಲಿಟ್ಟು ಭಾರದ ಮರದ ಬಾಗಿಲು ತಳ್ಳಿದಳು.

ಹಲಗೆಗಳಿಗೆ ಬಳಿದ ಟಾರಿನ ವಾಸನೆ. ಸಣ್ಣ ಕಿಟಕಿಗಳಿಂದ ಇಳಿದ ಜೂನ್ ತಿಂಗಳ ಬೆಳಕು. ನಡುವಿನ ದಾರಿಯಲ್ಲಿ ಬರಿಗಾಲಲ್ಲಿ ನಿಂತಿದ್ದ ಒಬ್ಬ, ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದ.

ಮೇಲೆ ನೋಡುವಂಥದ್ದೇ ಇತ್ತು. ಮರದ ಛಾವಣಿ ತುಂಬ ಮೋಡ, ಮೋಡದ ತುಂಬ ದೇವದೂತರು. ಕೆಂಪು, ನೀಲಿ, ಹಸಿರು ರೆಕ್ಕೆಗಳು. ಊದುವ ಕಹಳೆಗಳು. ಇನ್ನೂರೈವತ್ತು ವರ್ಷದ ಹಿಂದೆ ಯಾವನೋ ಹಳ್ಳಿಯ ಕಲಾವಿದ ಅಟ್ಟಣಿಗೆಯ ಮೇಲೆ ಮಲಗಿ, ಕಣ್ಣಿಗೆ ಬಣ್ಣ ಬೀಳಿಸಿಕೊಂಡು ಬರೆದದ್ದು. ಅವನ ಹೆಸರೂ ಉಳಿದಿಲ್ಲ.

ಅವಳ ಹೆಜ್ಜೆಯ ಸದ್ದಿಗೆ ಅವನು ಬೆಚ್ಚಿಬಿದ್ದ. ಬರಿಗಾಲು ಕಂಡುಬಿಟ್ಟಿತೆಂಬ ನಾಚಿಕೆಗೆ ಇಂಗ್ಲಿಷಿನಲ್ಲಿ ತಡವರಿಸಿದ.

"ಸಾರಿ... ಶೂಸ್... ಐ ಆಮ್ ಫ್ರಮ್ ಮ್ಯಾಂಗಲೋರ್."

ಅದೇ ಇಡೀ ವಿವರಣೆ ಎಂಬಂತಿತ್ತು ಅವನ ಮುಖ. ನೌಶೀನಳಿಗೆ ನಗು ತಡೆಯಲಾಗಲಿಲ್ಲ.

"ನಾನು ಬಿಜಾಪುರದವಳು. ನನ್ನ ಬೂಟೂ ಹೊರಗೇ ಇವೆ."

ಅವನು ಅವಳ ಕಾಲು ನೋಡಿದ. ಆಮೇಲೆ ಮುಖ ನೋಡಿದ. ನೋಡಿದವನು ಸ್ವಲ್ಪ ಹೊತ್ತು ಮತ್ತೆ ಛಾವಣಿಯನ್ನು ನೋಡಲೇ ಇಲ್ಲ.

ಹೆಸರು ಅಜೀಮ್. ಉಳ್ಳಾಲದವನು. ಟೋರ್ಸ್‌ಲಾಂಡದ ಕಾರು ಕಾರ್ಖಾನೆಯ ಪೇಂಟ್ ವಿಭಾಗದಲ್ಲಿ ಎಂಜಿನಿಯರ್. ರಸ್ತೆಬದಿಯಲ್ಲಿ 'ಚರ್ಚು ತೆರೆದಿದೆ, ಕಾಫಿ ಇದೆ' ಎಂಬ ಬೋರ್ಡು ಕಂಡು ಕಾಫಿಗೆಂದು ನಿಲ್ಲಿಸಿದ್ದನಂತೆ. ಕಾಫಿ ಮರೆತೇಹೋಗಿತ್ತು.

ನೌಶೀನ್ ಉಪ್ಸಾಲಾದಲ್ಲಿ ಹಳೆಯ ಬಣ್ಣಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಆ ಬೇಸಿಗೆ, ಅಂದರೆ ೨೦೧೬ರಲ್ಲಿ, ದೇಶದ ನೈಋತ್ಯ ಭಾಗದ ಚರ್ಚುಗಳ ಚಿತ್ರ ಪರೀಕ್ಷಿಸಲು ಬಂದು ಸ್ಕಾರಾ ಊರಿನಲ್ಲಿ ಬಾಡಿಗೆ ರೂಮಿನಲ್ಲಿದ್ದಳು.

ಅವಳು ಚಾಪೆ ಬಿಚ್ಚಿ ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು. ಅಜೀಮ್ ಗಾಬರಿಯಾದ.

"ಎಂತ ಆಯ್ತು? ತಲೆ ಸುತ್ತು ಬಂತಾ?"

"ಇಲ್ಲಪ್ಪ, ಛಾವಣಿ ಹೀಗೇ ನೋಡೋದು. ಇಲ್ಲಾಂದ್ರೆ ಕತ್ತು ಹೋಗುತ್ತೆ. ನೀವೂ ಟ್ರೈ ಮಾಡಿ."

ಅವನು ಮರ್ಯಾದೆಯಿಂದ ಆಚೆ ಬೆಂಚಿನ ಪಕ್ಕ, ಸಾಕಷ್ಟು ದೂರದಲ್ಲಿ ಮಲಗಿದ. ಮಲಗಿ ನೋಡಿದರೆ ಛಾವಣಿ ದೂರ ಸರಿದು ಆಕಾಶವೇ ಆಗಿಬಿಡುತ್ತಿತ್ತು.

"ಆ ಮೂಲೆಯ ಫರಿಷ್ತೆಗೆ ಮುಖವೇ ಇಲ್ಲ," ಎಂದ ಅಜೀಮ್.

"ಯಾವಾಗಲೋ ಮಳೆ ನೀರು ಸೋರಿದೆ. ಅಳಿಸಿಹೋಗಿದೆ."

"ನೀವು ಬರೆದು ಸರಿಮಾಡಬಹುದಲ್ವಾ? ನಮ್ಮಲ್ಲಿ ಕಾರಿಗೆ ಒಂದು ಚುಕ್ಕೆ ಕಲೆ ಬಂದ್ರೂ ವಾಪಸ್ ಕಳಿಸ್ತೇವೆ."

"ಮಾಡಬಾರದು. ಉಳಿದದ್ದನ್ನ ಕಾಪಾಡಬೇಕು ಅಷ್ಟೇ. ಇಲ್ಲದ್ದನ್ನ ನಾವು ಊಹಿಸಿ ತುಂಬಿದ್ರೆ ಅದು ನಮ್ಮ ಮುಖ ಆಗುತ್ತೆ, ಅದರದ್ದಲ್ಲ. ನಮ್ಮ ಕೆಲಸದಲ್ಲಿ ಇದೇ ಮೊದಲ ಪಾಠ."

ದೊಡ್ಡ ಪಂಡಿತೆಯಂತೆ ಹೇಳಿದಳು, ಪಾಪ! ಈ ಮಾತು ಮುಂದೆ ಅವಳ ಕೊರಳಿಗೇ ಸುತ್ತಿಕೊಳ್ಳುತ್ತದೆಂದು ಆಗ ಅವಳಿಗೆ ಗೊತ್ತಿರಲಿಲ್ಲ.

* * *

ಆ ದಿನ ಬಸ್ ತಪ್ಪಿಹೋಗಿ, ಅಜೀಮನೇ ಅವಳನ್ನು ಸ್ಕಾರಾಕ್ಕೆ ಬಿಟ್ಟ. ಹಳ್ಳಿಗಾಡಿನಲ್ಲಿ ಶನಿವಾರ ಬಸ್ಸು ಸಿಗುವುದೇ ಅಪರೂಪ. ಅವಳ ಊರಿನ ಲೈಸೆನ್ಸು ಇಲ್ಲಿ ಒಂದು ವರ್ಷಕ್ಕೇ ಮುಗಿದಿತ್ತು.

"ಮುಂದೆ ಯಾವ ಚರ್ಚು?" ಇಳಿಯುವಾಗ ಅವನು ಕೇಳಿದ.

"ಯಾಕೆ?"

"ನನಗೂ ನೋಡ್ಬೇಕು. ಕಾರುಂಟು. ಕಾಫಿ ನಿಮ್ಮದು."

ಹೀಗೆ ಶುರುವಾಯಿತು ಆ ಪ್ರಯಾಣ. ಸಾಸಿವೆ ಹೂಬಿಟ್ಟ ಹಳದಿ ಹೊಲಗಳ ನಡುವೆ ದಾರಿ. ದಾರಿಯ ಕೊನೆಗೊಂದು ಬಿಳಿ ಗೋಪುರ. ಒಂದು ಕಡೆ ಗೋಡೆಯ ಸುಣ್ಣದ ಪದರದಡಿಯಿಂದ ಮೆಲ್ಲಗೆ ಹೊರಬಂದ ಸಂತರ ಚಿತ್ರಗಳು. ಇನ್ನೊಂದು ಕಡೆ ಒಂಬೈನೂರು ವರ್ಷದ ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ, ಅಂಚು ಸವೆದು ಬೆಣ್ಣೆಯಷ್ಟು ನುಣುಪು. ಎಲ್ಲ ಕಡೆಯೂ ಫ್ಲಾಸ್ಕಿನ ಕಾಫಿ, ದಾಲ್ಚಿನ್ನಿ ಬನ್ನು ಕೊಡುವ ಅಜ್ಜಿಯರು. ಎಲ್ಲ ಬಾಗಿಲಲ್ಲೂ ಎರಡು ಜೊತೆ ಬೂಟು.

ಅವನ ಮನೆಮಾತು ಬ್ಯಾರಿ, ಅವಳದ್ದು ದಖನಿ. ಕನ್ನಡವೇ ಇಬ್ಬರನ್ನೂ ಕೂಡಿಸಿತು.

ಒಂದು ಶನಿವಾರ ಬಂದರೆ ಮುಂದಿನ ಶನಿವಾರ ಅವನು ಬರುತ್ತಿರಲಿಲ್ಲ.

"ಆ ವಾರ ಸ್ವಲ್ಪ ಕೆಲಸ ಉಂಟು," ಎನ್ನುತ್ತಿದ್ದ, ರಸ್ತೆಯನ್ನೇ ನೋಡುತ್ತ.

'ಫ್ಯಾಕ್ಟರಿ ಶಿಫ್ಟ್ ಇರಬೇಕು,' ಎಂದುಕೊಂಡಳು ನೌಶೀನ್. ಅವನಿಲ್ಲದ ಶನಿವಾರ ಛಾವಣಿಗಳು ಅಷ್ಟೇ ಚೆಂದವಿದ್ದರೂ, ನೋಡು ಎನ್ನಲು ಪಕ್ಕದಲ್ಲಿ ಯಾರೂ ಇಲ್ಲದ್ದು ಅವಳಿಗೆ ತಡೆಯಲಾಗುತ್ತಿರಲಿಲ್ಲ. ಅದಕ್ಕೆ ಏನು ಹೆಸರು ಎಂದು ಅವಳಿಗೆ ಗೊತ್ತಿತ್ತು. ಒಪ್ಪಿಕೊಳ್ಳಲು ಹೆದರಿದ್ದಳು.

ಜುಲೈ ಕೊನೆಗೆ ಪಶ್ಚಿಮದ ಕಡಲತೀರಕ್ಕೆ ಹೋದರು. ಅಲ್ಲಿನ ಚರ್ಚಿನ ಛಾವಣಿಯಿಂದ ಹಾಯಿಹಡಗೊಂದು ತೂಗುಬಿದ್ದಿತ್ತು. ಮೊಣಕೈಯುದ್ದದ ಪುಟ್ಟ ಹಡಗು. ಹಗ್ಗ, ಹಾಯಿ, ಲಂಗರು ಎಲ್ಲವೂ ಇದ್ದವು. ಬಿರುಗಾಳಿಯಿಂದ ಬದುಕಿ ಬಂದ ನಾವಿಕರು ಹರಕೆಯಾಗಿ ಕೊಟ್ಟದ್ದು. ಬಾಗಿಲಿನ ಗಾಳಿಗೆ ಅದು ಮೆಲ್ಲನೆ ತಿರುಗಿತು, ನಿಜವಾಗಿ ಹೊರಟ ಹಾಗೆ.

ಅಜೀಮನ ಕಣ್ಣು ತುಂಬಿದವು. "ನನ್ನ ಅಜ್ಜ ಮೀನಿಗೆ ಹೋಗ್ತಿದ್ದದ್ದು... ಅವರು ವಾಪಸ್ ಬರುವ ತನಕ ಅಜ್ಜಿ ದರ್ಗಾದ ಮೆಟ್ಟಿಲಲ್ಲೇ ಕೂತಿರ್ತಿದ್ರು. ಅದೇ ಭಯ, ಅದೇ ಹರಕೆ... ಇಷ್ಟು ದೂರದಲ್ಲಿ."

ನೌಶೀನ್ ಅವನ ತೋಳು ಮುಟ್ಟಿದಳು. ಅವನು ತಿರುಗಿದ.

"ನೌಶೀನ್, ನಿಮಗೆ ಒಂದು ವಿಷಯ ಹೇಳ್ಬೇಕು. ಮೊದಲೇ ಹೇಳ್ಬೇಕಿತ್ತು."

ನೌಶೀನ್ ಮನಸ್ಸಿನಲ್ಲೇ ಅಂದಳು, 'ಹೇಳು...'

ಅಷ್ಟರಲ್ಲಿ ಪ್ರವಾಸಿಗರ ಗುಂಪೊಂದು ಒಳಗೆ ಬಂತು. "ಕಾರಲ್ಲಿ ಹೇಳ್ತೇನೆ," ಎಂದ ಅಜೀಮ್.

ಕಾರಿನ ಹಿಂದಿನ ಬಾಗಿಲು ತೆರೆದು ಚೀಲ ಇಡಹೋದವಳು ಆಗ ಕಂಡಳು. ಬೆಳಿಗ್ಗೆ ಅವಸರದಲ್ಲಿ ಹಿಂದೆ ನೋಡಿರಲೇ ಇಲ್ಲ. ಸೀಟಿಗೆ ಬೆಲ್ಟಿನಿಂದ ಬಿಗಿದ ಮಗುವಿನ ಕುರ್ಚಿ, ಹಿಂದಿನ ಶನಿವಾರಗಳಲ್ಲಿ ಇಲ್ಲದಿದ್ದದ್ದು. ಅದರಲ್ಲಿ ಒಂದು ಕಿವಿ ಸವೆದ ಬಟ್ಟೆಯ ಮೊಲ.

"ಇದು ಯಾರದ್ದು?"

ಅಜೀಮ್ ಅವಳ ಬಳಿ ಬಂದ. "ನನ್ನ ಮಗಳದ್ದು. ಶಬ್ನಮ್. ನಾಲ್ಕು ವರ್ಷ. ಅದೇ ಹೇಳಬೇಕಂತ..."

ಕಾರಿನ ಸ್ಪೀಕರಿನಲ್ಲಿ ಫೋನ್ ರಿಂಗಣಿಸಿತು. ಪರದೆಯ ಮೇಲೆ 'ಶಾಕಿರಾ' ಎಂದಿತ್ತು. ಎತ್ತಿದ ಕೂಡಲೇ ಹೆಣ್ಣಿನ ದನಿ, ಹಿಂದೆ ಮಗುವಿನ ಅಳು, "ಪಪ್ಪಾ" ಎಂಬ ಕೂಗು. ಅಜೀಮ್ ಬ್ಯಾರಿಯಲ್ಲಿ ಸಮಾಧಾನ ಮಾಡಿದ, ಮೊಲವನ್ನು ಎತ್ತಿ ನೋಡಿ ನಕ್ಕ, ಆ ಹೆಣ್ಣೂ ನಕ್ಕಳು. ಭಾಷೆ ತಿಳಿಯದಿದ್ದರೂ ಆ ಸಲುಗೆ ನೌಶೀನಳಿಗೆ ತಿಳಿಯಿತು.

ಹೆಂಡತಿ. ಮಗಳು. ವಾರ ಬಿಟ್ಟು ವಾರದ 'ಕೆಲಸ'...

ಇಷ್ಟು ದಿನ ಹದವಾಗಿ ಆಡುತ್ತಿದ್ದ ಕನ್ನಡ ಕೈಬಿಟ್ಟು, ಬಿಜಾಪುರದ ಮಾತೇ ಅವಳ ಬಾಯಿಗೆ ಬಂತು.

"ನನ್ನ ರೂಮಿಗೆ ಬಿಡ್ರಿ."

"ನೌಶೀನ್, ಪೂರ್ತಿ ಕೇಳಿ..."

"ಏನೂ ಹೇಳಬ್ಯಾಡ್ರಿ. ನಾ ಏನೂ ಕೇಳಂಗಿಲ್ಲ."

ದಾರಿಯುದ್ದಕ್ಕೂ ಗೋಪುರಗಳು ಬಂದವು, ಹೋದವು. ಅವಳು ಒಂದನ್ನೂ ನೋಡಲಿಲ್ಲ. ರೂಮಿನ ಮುಂದೆ ಕಾರು ನಿಂತಾಗ ಅಜೀಮ್ ಮೆಲ್ಲಗೆ ಹೇಳಿದ, "ಒತ್ತಾಯ ಮಾಡುದಿಲ್ಲ. ಯಾವಾಗ ಕೇಳಿದ್ರೂ ಹೇಳ್ತೇನೆ."

ಅವಳು ಬಾಗಿಲು ಹಾಕಿಕೊಂಡು ಅತ್ತಳು.

* * *

ಆಗಸ್ಟಿನಲ್ಲಿ ಕೆಲಸ ಮಾತ್ರ ಉಳಿಯಿತು. ಜೊತೆಗಿದ್ದವಳು ಗುನಿಲ್ಲಾ, ಚಿತ್ರಗಳ ದುರಸ್ತಿಯಲ್ಲಿ ಪಳಗಿದ ಹೆಂಗಸು. ಒಂದು ದಿನ ಫಿಕಾಗೆ, ಅಂದರೆ ಇಲ್ಲಿನವರ ಕಾಫಿ ವಿರಾಮಕ್ಕೆ, ಇಬ್ಬರೂ ಚರ್ಚಿನ ಅಂಗಳದಲ್ಲಿ ಕಾಫಿ ಹಿಡಿದು ಕೂತಿದ್ದಾಗ ಗುನಿಲ್ಲಾಳಿಗೆ ಫೋನ್ ಬಂತು. ಅವಳು ನಗುನಗುತ್ತ ಮಾತಾಡಿದಳು. ಮಗನ ಮಳೆಕೋಟು ಎಲ್ಲಿದೆ, ಜ್ವರ ಇಳಿಯಿತಾ, ರಾತ್ರಿ ಏನು ಅಡುಗೆ...

"ನಿಮ್ಮ ಗಂಡ ಎಷ್ಟು ಒಳ್ಳೆಯವರು," ಎಂದಳು ನೌಶೀನ್. ದನಿಯಲ್ಲಿ ನೋವಿತ್ತು.

"ಗಂಡನಾಗಿದ್ದವನು. ನಾವು ಬೇರೆಯಾಗಿ ಮೂರು ವರ್ಷವಾಯಿತು. ಈ ವಾರ ಮಗ ಅವನ ಮನೆಯಲ್ಲಿ. ಮುಂದಿನ ವಾರ ನನ್ನಲ್ಲಿ."

"ಬೇರೆಯಾದ ಮೇಲೂ... ಇಷ್ಟು ನಗುನಗುತ್ತ?"

ಗುನಿಲ್ಲಾಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮಗ ಇಬ್ಬರಿಗೂ ಸೇರಿದವನಲ್ಲವೇ? ಇಲ್ಲಿ ಬಹಳ ಜನ ಹೀಗೇ. ವಾರ ಬಿಟ್ಟು ವಾರ."

ವಾರ ಬಿಟ್ಟು ವಾರ.

ನೌಶೀನ್ ಕಪ್ಪು ಕೆಳಗಿಟ್ಟಳು. ಅವಳ ಓಣಿಯಲ್ಲಿ ತಲಾಖ್ ಆದವರು ಎದುರಾದರೆ ರಸ್ತೆ ದಾಟಿ ಹೋಗುತ್ತಿದ್ದರು. ಎರಡೂ ಮನೆಯವರು ಒಂದೇ ಅಂಗಡಿಗೆ ಕಾಲಿಡುತ್ತಿರಲಿಲ್ಲ. ಬಿಟ್ಟವರು ನಗುವುದುಂಟೇ? ನಕ್ಕರೆ ಗಂಡ ಹೆಂಡತಿಯೇ ಇರಬೇಕು! ಹೀಗಂತ ಅವಳು ತನ್ನ ಓಣಿಯ ಬಣ್ಣ ತೆಗೆದುಕೊಂಡು ಅಜೀಮನ ಮುಖ ಬರೆದುಬಿಟ್ಟಿದ್ದಳು.

'ಪೂರ್ತಿ ಕೇಳಿ ಅಂದ... ನಾನು ಕೇಳಲೇ ಇಲ್ಲ.'

ಇದೂ ಊಹೆಯೇ ಆಗಿದ್ದರೆ? ಈ ಸಲ ತುಂಬಬಾರದು, ಕೇಳಬೇಕು. ಅಜೀಮನಿಗೆ ಸಂದೇಶ ಬರೆದಳು.

"ಶಬ್ನಮ್ ವಾರ ಬಿಟ್ಟು ವಾರ ನಿಮ್ಮ ಹತ್ತಿರ ಇರ್ತಾಳಾ?"

ಉತ್ತರ ಕೂಡಲೇ ಬಂತು. "ಹೌದು. ಶಾಕಿರಾ ಮತ್ತು ನಾನು ಬೇರೆಯಾಗಿ ಎರಡು ವರ್ಷ."

ಕಣ್ಣೀರು ಪರದೆಯ ಮೇಲೆ ಬಿತ್ತು. ಒರೆಸಿಕೊಂಡು ಇನ್ನೊಂದು ಸಾಲು ಬರೆದಳು. "ಅವಳು ನಿಮ್ಮ ಹತ್ತಿರ ಇರೋ ಶನಿವಾರ, ಮೊದಲು ಭೇಟಿಯಾದ ಚರ್ಚಿಗೆ ಬನ್ನಿ. ಅವಳನ್ನೂ ಕರ್ಕೊಂಡು ಬನ್ನಿ."

* * *

ಬಸ್ಸಿಳಿದು ನೌಶೀನ್ ಓಡುತ್ತಲೇ ಬಂದಳು. ಬಂದವಳು ಮೆಟ್ಟಿಲ ಬಳಿ ನಿಂತುಬಿಟ್ಟಳು.

ಗೋಡೆಗೆ ಒತ್ತಿ, ಮೂತಿ ಹೊರಗೆ ಮಾಡಿ, ಅದೇ ಕಪ್ಪು ಬೂಟು. ಅದರ ಪಕ್ಕ ಅಂಗೈಯಗಲದ ಕೆಂಪು ರಬ್ಬರ್ ಬೂಟು ಒಂದು ಜೊತೆ. ಒಳಗೆ ಪುಟ್ಟ ಕಾಲುಚೀಲ ಮಡಚಿ ತುರುಕಿತ್ತು.

ನೌಶೀನ್ ತನ್ನ ಬೂಟನ್ನು ಆ ಕೆಂಪು ಬೂಟಿನ ಇನ್ನೊಂದು ಪಕ್ಕದಲ್ಲಿಟ್ಟಳು.

ಒಳಗೆ ಅಪ್ಪ ಮಗಳಿಬ್ಬರೂ ನಡುದಾರಿಯಲ್ಲಿ ಅಂಗಾತ ಮಲಗಿದ್ದರು. "ತಿತ್ತಾ, ಪಪ್ಪಾ," ನೋಡು ನೋಡು ಎಂದು ಮಗು ಸ್ವೀಡಿಷಿನಲ್ಲಿ ಪಿಸುಗುಡುತ್ತ ಆಕಾಶಕ್ಕೆ ಬೆರಳು ಚಾಚಿತ್ತು. ಆ ಪಿಸುಮಾತು ಹಲಗೆಯಿಂದ ಹಲಗೆಗೆ ಹಾರಿ ಮೇಲೆ ಹೋಯಿತು. ಬಿಜಾಪುರದ ಗುಮ್ಮಟದಡಿ ಅಬ್ಬಾನ ಕೈ ಹಿಡಿದು ನಿಂತಿದ್ದ ತನ್ನ ಬಾಲ್ಯ ನೌಶೀನಳಿಗೆ ನೆನಪಾಯಿತು. ಅವಳು ಸದ್ದಿಲ್ಲದೆ ಮಗುವಿನ ಈಚೆ ಬದಿಗೆ ಮಲಗಿದಳು.

ಶಬ್ನಮ್ ತಿರುಗಿ ನೋಡಿ, ಯಾರು ಎಂದೂ ಕೇಳದೆ ಸ್ವೀಡಿಷಿನಲ್ಲಿ ಕೇಳಿತು, "ಅವನಿಗೆ ಯಾಕೆ ಮುಖ ಇಲ್ಲ?"

"ಮಳೆ ಬಂದು ಅಳಿಸಿಹೋಯ್ತು," ಎಂದಳು ನೌಶೀನ್, ಅದೇ ಭಾಷೆಯಲ್ಲಿ.

"ನಾನು ಬರೆದುಕೊಡ್ಲಾ? ನನ್ನ ಹತ್ತಿರ ಕ್ರೇಯಾನ್ ಇದೆ."

ಅಜೀಮ್ ನಕ್ಕ, ನಗು ಅರ್ಧದಲ್ಲೇ ಒಡೆಯಿತು. ಕನ್ನಡದಲ್ಲಿ, ಮೇಲೆ ನೋಡುತ್ತಲೇ ಹೇಳಿದ. "ಮೊದಲ ದಿನವೇ ಹೇಳ್ಬೇಕಿತ್ತು. ಹೇಳಿದ್ರೆ ಇನ್ನೊಂದು ಶನಿವಾರ ಸಿಗ್ತದೋ ಇಲ್ವೋ ಅಂತ ಹೆದರಿದೆ. ನನ್ನದೂ ತಪ್ಪುಂಟು."

"ನಾನು ಕೇಳಬೇಕಿತ್ತು. ಊಹಿಸಿ ತುಂಬಬಾರದು ಅಂತ ನಿಮಗೆ ಪಾಠ ಹೇಳಿ, ನಾನೇ ತುಂಬಿದೆ. ಕೆಟ್ಟ ಮುಖ ಬರೆದೆ, ಅಜೀಮ್."

ಮಗು ಎದ್ದು, ಬರಿಗಾಲಲ್ಲಿ ಟಪಟಪ ಎಂದು ಬಲಿಪೀಠದ ಬಳಿಯ ದೀಪಗಳ ಕಡೆ ಓಡಿತು. ಈಗ ಇಬ್ಬರ ನಡುವೆ ಅದು ಮಲಗಿದ್ದಷ್ಟೇ ಜಾಗವಿತ್ತು. ಮೇಲೆ ಮುಖವಿಲ್ಲದ ದೇವದೂತ ತನ್ನ ಕಹಳೆ ಹಿಡಿದು, ಉಳಿದವರಷ್ಟೇ ಜೋರಾಗಿ ಊದುತ್ತಿದ್ದ.

"ಮುಂದಿನ ಶನಿವಾರ ಶಬ್ನಮ್ ಇರುದಿಲ್ಲ," ಎಂದ ಅಜೀಮ್. "ನಾನೊಬ್ಬನೇ ಬರಬಹುದಾ?"

ನೌಶೀನ್ ಕೈ ಚಾಚಿ ಅವನ ಬೆರಳು ಹಿಡಿದಳು.

"ಬರ್ರಿ. ಆದ್ರ ನನಗ ವಾರ ಬಿಟ್ಟು ವಾರ ಬ್ಯಾಡ. ಎಲ್ಲಾ ವಾರ ಬೇಕು. ಅಕಿ ಇರೋ ವಾರನೂ, ಇಲ್ಲದ ವಾರನೂ."

ಅವನು ಅವಳ ಬೆರಳು ಬಿಗಿಯಾಗಿ ಹಿಡಿದುಕೊಂಡ. ಹೊರಟದ್ದು ಅವನ ಉಳ್ಳಾಲದ ದನಿಯೇ ಆಗಿತ್ತು.

"ಉಂಟು ನೌಶೀನ್... ಎಲ್ಲಾ ವಾರವೂ ಉಂಟು."