ಎರಡನೇ ಮುದ್ದೆ

“ನಗೋದಾದ್ರೆ ಆಚೆಗೋಗಿ ನಗ್ರೀ! ಇಲ್ಲಾಂದ್ರೆ ಬಾಯ್ಮುಚ್ಕೊಂಡು ಕೂತ್ಕಳಿ!”

ಪಾಂಡವಪುರದ ಹಳೇ ಟಾಕೀಸಿನ ಕತ್ತಲಲ್ಲಿ ಎದ್ದು ನಿಂತು ಹೀಗೆ ಕೂಗಿದವಳು ಅಂಬಿಕ. ಕೂಗಿದ ಮೇಲೆ ಅವಳಿಗೇ ಗಾಬರಿಯಾಯಿತು. ಕಿರಂಗೂರಿನಲ್ಲಿ ಅವಳ ದನಿಯನ್ನು ಪಕ್ಕದ ಮನೆಯವರೂ ಸರಿಯಾಗಿ ಕೇಳಿದವರಲ್ಲ!

ತೆರೆಯ ಮೇಲೆ ಓಡುತ್ತಿದ್ದದ್ದು ‘ಅಲ್ಲಿನ ಅಡುಗೆಮನೆ’ ಎಂಬ ಸಿನಿಮಾ. ಓಡುತ್ತಿತ್ತು ಅನ್ನುವುದೇ ಹೆಚ್ಚು... ತೆವಳುತ್ತಿತ್ತು. ಹಾಡಿಲ್ಲ, ಫೈಟಿಲ್ಲ, ಮಾತೂ ಅಷ್ಟಕ್ಕಷ್ಟೆ. ಪರದೇಶದ ದೊಡ್ಡ ಮನೆಯೊಂದರಲ್ಲಿ ಕೆಲಸಕ್ಕಿರುವ ನಮ್ಮ ಕಡೆಯ ಹೆಂಗಸು ಏಳುತ್ತಾಳೆ, ದುಡಿಯುತ್ತಾಳೆ, ಮಲಗುತ್ತಾಳೆ. ಈಗ ಅವಳು ಊರಿಂದ ತಂದಿದ್ದ ರಾಗಿ ಹಿಟ್ಟಿನಲ್ಲಿ ಮುದ್ದೆ ಮಾಡಿದ್ದಳು. ಇರುವುದು ಒಬ್ಬಳೇ, ಆದರೆ ಕೈ ತಪ್ಪಿ ಎರಡು ಮುದ್ದೆ ಕಟ್ಟಿಬಿಟ್ಟಿದ್ದಳು. ಎರಡು ತಟ್ಟೆ ಇಟ್ಟು, ಒಂದರ ಮುಂದೆ ಕೂತು, ಮುರಿದು ಬಾಯಿಗಿಟ್ಟುಕೊಂಡು... ನಿಧಾನವಾಗಿ ಅಗಿಯತೊಡಗಿದಳು.

ಅಗಿಯುವುದು! ಅದೂ ಮುದ್ದೆಯನ್ನು!

ಮಂಡ್ಯ ಸೀಮೆಯ ಟಾಕೀಸಿನಲ್ಲಿ ಇಂಥದ್ದನ್ನು ತೋರಿಸಿ ಯಾರು ತಾನೇ ಉಳಿದಾರು?

“ಲೇ, ಅಗೀತಾವ್ಳೆ ಕಣ್ಲಾ!”

“ಮುದ್ದೆ ನುಂಗಕ್ಕೆ ಬರದೋಳ್ನ ಎಲ್ಲಿಂದ ಇಡ್ಕೊಂಡ್ ಬಂದ್ರಲಾ?”

“ಆ ಇನ್ನೊಂದ್ ಮುದ್ದೆನಾರ ನಂಗ್ ಕೊಡವ್ವೋ, ನುಂಗಿ ತೋರುಸ್ತೀನಿ!”

ಇಡೀ ಟಾಕೀಸು ಬಿದ್ದು ಬಿದ್ದು ನಕ್ಕಿತ್ತು. ಅಂಬಿಕಳ ಎದೆಯೊಳಗೆ ಮಾತ್ರ ಏನೋ ಹರಿದುಹೋದಂತಾಯಿತು. ಅದಕ್ಕೇ ಎದ್ದು ನಿಂತಿದ್ದಳು.

ಅವಳ ಪಕ್ಕದ ಸೀಟಿನಲ್ಲಿ ಒಬ್ಬ ಬಾಯಿಗೆ ಕೈ ಅಡ್ಡ ಹಿಡಿದು ತಲೆ ತಗ್ಗಿಸಿದ್ದ. ಅವನ ಭುಜ ಅಲುಗುತ್ತಿತ್ತು. ನಗುತ್ತಿದ್ದಾನೆ! ಪಕ್ಕದಲ್ಲೇ ಕೂತು, ಕದ್ದು ನಗುತ್ತಿದ್ದಾನೆ!

“ನಿಮ್ನೂ ಸೇರುಸ್ಕೊಂಡೇ ಏಳಿದ್ದು ರೀ! ನಾಚ್ಕೆ ಆಗಲ್ವಾ?”

ಅವನು ತಲೆ ಎತ್ತಿದ. ತೆರೆಯ ಬೆಳಕು ಅವನ ಮುಖದ ಮೇಲೆ ಬಿತ್ತು.

ಕೆನ್ನೆ ಪೂರ್ತಿ ಒದ್ದೆ.

ಅಯ್ಯೋ... ಇವನು ನಗುತ್ತಿರಲಿಲ್ಲ!

ಅವನು ಎದ್ದು ಹೊರಗೆ ಹೋದ. ಅಂಬಿಕ ದೊಪ್ಪನೆ ಕೂತಳು.

*

ಇಂಟರ್‌ವಲ್‌ನಲ್ಲಿ ಬೋಂಡದಂಗಡಿಯ ಮುಂದೆ ದೊಡ್ಡ ಪಂಚಾಯ್ತಿಯೇ ನೆರೆದಿತ್ತು.

“ನಂಗಂತೂ ದುಡ್ಡಿಗ್ ಮೋಸ ಆಗ್ಲಿಲ್ಲಪ್ಪ. ಒಳ್ಳೇ ನಿದ್ದೆ ಬಂತು,” ಎಂದರು ಅಂದಾನಯ್ಯ ಎಂಬ ಹಿರಿಯರು. ಒಬ್ಬ ಹುಡುಗ ಟಿಕೆಟ್ ಹರಿದು ಬಿಸಾಕಿ ಬೈಕ್ ಹತ್ತಿದ. ಅವನ ಗೆಳೆಯ ಮಾತ್ರ, “ನೀನ್ ಓಗ್ಲಾ, ನಾನ್ ಮುಗಿಸ್ಕಂಡ್ ಬತ್ತೀನಿ,” ಎಂದು ಅಲ್ಲೇ ನಿಂತ. ಇನ್ನೊಂದು ಮೂಲೆಯಲ್ಲಿ ಮಂಗಳಮ್ಮ ಎಂಬಾಕೆ ದೋಹಾದಲ್ಲಿರುವ ಮಗಳಿಗೆ ಫೋನ್ ಹಚ್ಚಿದ್ದಳು.

“ಉಂಡ್ಯವ್ವಾ?... ಏನಿಲ್ಲ ಬುಡು, ಸುಮ್ಕೆ ಕೇಳ್ದೆ... ದಿಟವಾಗ್ಲೂ ಉಂಡ್ಯಾ?”

ಅಂಬಿಕಳ ಮುಂದೆ ಒಂದು ಟೀ ಲೋಟ ಬಂತು. ಹಿಡಿದಿದ್ದವನು ಅವನೇ.

“ಬೈದ್ಬುಟ್ಟೆ... ತಪ್ಪಾಯ್ತು,” ಎಂದಳು ಅಂಬಿಕ.

“ಇರ್ಲಿ ಬುಡಿ. ಒಂದ್ ಮಾತ್ ಕೇಳ್ಲಾ? ಅಷ್ಟೊಂದ್ ಜನ ನಗ್ತಿದ್ರೆ ನಿಮ್ಗ್ಯಾಕೆ ಅಷ್ಟ್ ಕ್ವಾಪ ಬಂತು?”

ಇವನಿಗೇಕೆ ಹೇಳಬೇಕು? ಇವನು ಯಾರೆಂದೇ ಗೊತ್ತಿಲ್ಲ. ಆದರೆ ಅತ್ತ ಮುಖದ ಮುಂದೆ ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

“ನಾನು ಮಸ್ಕತ್ತಲ್ಲಿ ಒಂದ್ ಅಜ್ಜಿ ನೋಡ್ಕಳೋ ಕೆಲ್ಸಕ್ಕಿದ್ದೆ. ಹಿಟ್ಟು ತಗೊಂಡೋಗಿದ್ದೆ. ಕೈಗೆ ಒಬ್ರಿಗೆ ಮಾಡೋ ಅಳತೆನೇ ಗೊತ್ತಿಲ್ಲ... ಯಾವಾಗ್ ಮಾಡುದ್ರೂ ಎರಡಾಗೋದು. ಇನ್ನ ನುಂಗಕ್ಕೋದ್ರೆ ಗಂಟ್ಲಲ್ಲೇ ನಿಂತ್ಕಳೋದು. ಅಳು ಮುಂದೆ, ಮುದ್ದೆ ಇಂದೆ. ಅದ್ಕೇ ಅಗೀತಿದ್ದೆ. ನಾನೂ ಅಗೀತಿದ್ದೆ ಕಣ್ರೀ!”

ಅವನು ಟೀ ಲೋಟವನ್ನು ಅವಳ ಕೈಗಿಟ್ಟು ಕಣ್ಣೊರೆಸಿಕೊಂಡ.

“ನಾಳೆ ಮ್ಯಾಟ್ನಿಗೆ ನಮ್ಮವ್ವನ್ನ ಕರ್ಕೊಂಡ್ ಬತ್ತೀನಿ,” ಎಂದು ಅವಳು ಒಳಗೆ ನಡೆದಳು.

ಯಾಕೆ ಕರೆತರುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತು!

ಕಾರಣ ಇಷ್ಟು. ಅಲ್ಲಿಂದ ಫೋನ್ ಮಾಡಿದಾಗಲೆಲ್ಲ ಅಂಬಿಕ, “ಚೆನ್ನಾಗಿವ್ನಿ ಕಣವ್ವ,” ಎಂದೇ ಹೇಳಿದ್ದಳು. ತಾಯಿ ಲಕ್ಷ್ಮಿದೇವಮ್ಮ ಅದನ್ನು ಪೂರ್ತಿ ನಂಬಿದ್ದರು. ಈಗ ಏಜೆಂಟು ನಾಗರಾಜು ಮತ್ತೆ ಮನೆ ಬಾಗಿಲಿಗೆ ಎಡತಾಕುತ್ತಿದ್ದ. ನಾಳಿದ್ದು ಬಂದು ಪಾಸ್‌ಪೋರ್ಟ್ ಒಯ್ಯುತ್ತಾನಂತೆ. ‘ಸುಖ್ವಾಗಿದ್ದಲ್ಲ, ಇನ್ನೆರಡ್ ವರ್ಸ ಓಗ್ಬಾ ಮಗ,’ ಎನ್ನುತ್ತಾರೆ ಅವ್ವ. ಬೇಡ ಎನ್ನಲು ಅಂಬಿಕಳಿಗೆ ಬಾಯೇ ಬರುವುದಿಲ್ಲ. ಅಷ್ಟು ವರ್ಷ ಹೇಳಿದ ಸುಳ್ಳನ್ನು ಒಂದೇ ಸಲ ಹೇಗೆ ನುಂಗುವುದು?

ಆ ಮುದ್ದೆಯ ಸೀನು ಹೇಳುತ್ತದೆ. ಅದೊಂದನ್ನು ನೋಡಿದರೆ ಸಾಕು, ಅವ್ವನಿಗೆ ಎಲ್ಲವೂ ಗೊತ್ತಾಗುತ್ತದೆ...

*

ಮರುದಿನ ಲಕ್ಷ್ಮಿದೇವಮ್ಮ ಹೊಸ ಸೀರೆಯುಟ್ಟು ಬಂದು ಕೂತರು. ತೆರೆಯ ಮೇಲೆ ಆ ಹೆಂಗಸು ಹಿಟ್ಟಿನ ಡಬ್ಬಿ ತೆಗೆದಳು. ಅಂಬಿಕ ಅವ್ವನ ಮುಖದ ಕಡೆ ತಿರುಗಿದಳು.

‘ಈಗ ಬರುತ್ತೆ... ನೋಡು ಅವ್ವ, ಸರಿಯಾಗಿ ನೋಡು...’

ಮರುಕ್ಷಣವೇ ಆ ಹೆಂಗಸು ತಟ್ಟೆ ತೊಳೆಯುತ್ತಿದ್ದಳು.

ಅಷ್ಟೇ! ಮುದ್ದೆಯಿಲ್ಲ. ಎರಡನೇ ತಟ್ಟೆಯಿಲ್ಲ. ಏನೂ ಇಲ್ಲ!

“ಏನ್ ಕಷ್ಟವೇ ಅವ್ಳಿಗೆ?” ಎಂದರು ಲಕ್ಷ್ಮಿದೇವಮ್ಮ. “ಅಷ್ಟ್ ದೊಡ್ ಮನೆ, ನಲ್ಲೀಲಿ ಬಿಸ್ನೀರು... ಸುಖ್ವಾಗವ್ಳೆ ಬುಡು. ನೀನೂ ಇಂಗೇ ಇದ್ಯಾ?”

ಅಂಬಿಕ ದಡಕ್ಕನೆ ಎದ್ದಳು. ಅವ್ವನ ಕೈ ಹಿಡಿದು ದರದರನೆ ಹೊರಗೆ ಬಂದವಳು ಆಫೀಸಿನ ಬಾಗಿಲು ತಳ್ಳಿದಳು. ಒಳಗೆ ಮ್ಯಾನೇಜರ್ ಇಮಾಮ್ ಸಾಬರು ಕೂತಿದ್ದರು.

“ಮುದ್ದೆ ಸೀನ್ ಎಲ್ಲಿ?”

“ತೆಗ್ಸುದ್ರು ಬೇಟಿ. ಅದಿದ್ರೆ ಪಿಚ್ಚರ್ ಬ್ಯಾಡ ಅಂತ ಕೆ.ಆರ್.ಪೇಟೆ ಟಾಕೀಸ್ನೋರು ಕಡ್ಡಿ ಮುರ್ದಂಗೆ ಅಂದವ್ರೆ. ಡೈರೆಕ್ಟರ್ ಸಾಹೇಬ್ರೇ ಬೆಳಿಗ್ಗೆ ಬೇರೆ ಕಾಪಿ ತಂದ್ಕೊಟ್ರು. ಅಗೋ, ಅಲ್ಲೇ ಅವ್ರಲ್ಲ... ಚಲುವರಾಜು.”

ಅಂಬಿಕ ತಿರುಗಿದಳು.

ಅವನು! ನಿನ್ನೆ ಪಕ್ಕದಲ್ಲಿ ಕೂತು ಅತ್ತವನು. ಟೀ ಕೊಟ್ಟವನು. ಅವಳ ಗುಟ್ಟು ಕೇಳಿಸಿಕೊಂಡವನು!

“ನೀವಾ?...”

“ಇರಿ, ಒಂದ್ ನಿಮ್ಷ...”

“ನಾನ್ ಯೋಳುದ್ದನ್ನೆಲ್ಲ ಕೇಳಾದ್ ಮೇಲೂ ಕತ್ತರಿಸ್ಬುಟ್ರಾ? ಅಲ್ಲೀಗಂಟ ನಾನ್ ಒಬ್ರಿಗೂ ಬಾಯ್ಬುಟ್ಟಿರ್ಲಿಲ್ಲ. ನಿಮ್ ಸಿನ್ಮಾ ನನ್ ಪರ್ವಾಗಿ ಬಾಯ್ಬುಡ್ತು ಅನ್ಕೊಂಡಿದ್ದೆ. ನಾಕ್ ಜನ ನಗ್ತಾರೆ ಅಂತ ಅದ್ರು ಬಾಯ್ನೂ ಮುಚ್ಚುಸ್ಬುಟ್ರಲ್ಲ! ನಗ್ಲಿ ರೀ! ನಕ್ಕಂಡ್ ಸಾಯ್ಲಿ! ಒಬ್ರಾದ್ರೂ ನಗ್ದೇ ಇರೋರು ಅಲ್ಲಿ ಕೂತಿರಲ್ವಾ? ಅವ್ರಿಗೇನ್ ಏಳ್ತೀರಾ?”

ಉತ್ತರಕ್ಕೆ ಅವಳು ಕಾಯಲಿಲ್ಲ. ಬೆಪ್ಪಾಗಿ ನಿಂತಿದ್ದ ಅವ್ವನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನತ್ತ ನಡೆದುಬಿಟ್ಟಳು. ದಾರಿಯುದ್ದಕ್ಕೂ ಕಣ್ಣೀರು ಒರೆಸಿದಷ್ಟೂ ಬರುತ್ತಿತ್ತು. ಸಿನಿಮಾ ಕತ್ತರಿಸಿದ್ದಕ್ಕೆ ಇಷ್ಟು ಅಳುವೇ? ಇಲ್ಲ. ಅವನು ಕತ್ತರಿಸಿದ್ದಕ್ಕೆ... ಆ ನಿಜ ಹೊಳೆದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಶ್ರೀರಂಗಪಟ್ಟಣದ ಬಸ್ಸು ಬಂದು ನಿಂತಿತ್ತು. ಹತ್ತಬೇಕು ಅನ್ನುವಾಗ ಚಲುವರಾಜು ಏದುಸಿರು ಬಿಡುತ್ತ ಓಡಿಬಂದ.

“ಕೆ.ಆರ್.ಪೇಟೆಗೋಸ್ಕರ ಅಲ್ಲ... ನನ್ನಾಣೆ ಅಲ್ಲ! ನಿಮ್ಮವ್ವನ್ನ ಕರ್ಕೊಂಡ್ ಬತ್ತೀನಿ ಅಂದ್ರಲ್ಲ. ಎತ್ತವ್ವನ ಪಕ್ಕ ಕೂತಿರುವಾಗ, ಆ ಸೀನ್ ನೋಡಿ ಜನ ನಕ್ರೆ ಅದು ನಿಮ್ಮುನ್ ನೋಡಿ ನಕ್ಕಂಗೇ ಅಲ್ವಾ? ನಂಗ್ ತಡ್ಯಕ್ಕಾಗ್ಲಿಲ್ಲ. ಅದ್ಕೇ ತೆಗ್ಸುಬುಟ್ಟೆ.”

ಅಂಬಿಕ ಅವನನ್ನೇ ನೋಡಿದಳು. ಪೆದ್ದ! ಅವಳನ್ನು ಕಾಪಾಡಲು ಹೋಗಿ ಅವಳ ಬಾಯನ್ನೇ ಹೊಲಿದಿದ್ದಾನೆ!

“ನಮ್ಮವ್ವಂಗೆ ತೋರುಸ್ಬೇಕಾಗಿದ್ದಿದ್ದೇ ಅದೊಂದು,” ಎಂದಳು ಮೆಲ್ಲಗೆ.

ಅವನ ಮುಖ ಬಿಳಿಚಿಕೊಂಡಿತು. ಲಕ್ಷ್ಮಿದೇವಮ್ಮನ ಕಡೆ ತಿರುಗಿ ಕೈಮುಗಿದ.

“ಅವ್ವಾ, ಸಂಜೆ ಆಟ ನೋಡ್ಕೊಂಡೋಗಿ. ಕೆ.ಆರ್.ಪೇಟೆ ಓದ್ರೆ ಓಗ್ಲಿ. ಇವತ್ತು ಪೂರ್ತಿ ಸಿನ್ಮಾ ತೋರುಸ್ತೀನಿ.”

*

ಸಂಜೆಯ ಆಟಕ್ಕೆ ಜನ ಇನ್ನೂ ಹೆಚ್ಚಿದ್ದರು. ಮುದ್ದೆ ಅಗಿಯುವ ಸಿನಿಮಾ ಎಂದು ಊರೆಲ್ಲ ಸುದ್ದಿಯಾಗಿತ್ತು. ಅರ್ಧಕ್ಕರ್ಧ ಜನ ನಗಲೆಂದೇ ಬಂದಿದ್ದರು.

ಆ ಹೆಂಗಸು ಎರಡು ಮುದ್ದೆ ಕಟ್ಟಿದಳು. ಎರಡು ತಟ್ಟೆ ಇಟ್ಟಳು. ಮುರಿದಳು. ಅಗಿದಳು.

“ಬಂತ್ ಬಂತು, ನೋಡ್ರಲಾ! ಅಗೀತಾವ್ಳೆ!”

ಶಿಳ್ಳೆ, ನಗು, ಕೇಕೆ!

ಆಗ ಮುಂದಿನ ಸಾಲಿನಿಂದ ಒಬ್ಬ ಎದ್ದ. ಅವನ ನೆರಳು ಅರ್ಧ ತೆರೆಯನ್ನು ನುಂಗಿತು.

“ಅಗಿದಿದ್ದು ಅವ್ಳಲ್ಲ ಕಣ್ರಪ್ಪ! ನಾನು!”

ನಗುತ್ತಿದ್ದವರೆಲ್ಲ ಕತ್ತು ಚಾಚಿ ನೋಡಿದರು.

“ಈ ಸಿನ್ಮಾ ಮಾಡ್ದೋನು ನಾನು, ಬೆಳಗೊಳದ ಚಲುವರಾಜು. ಕುವೈತಲ್ಲಿ ಡ್ರೈವರಾಗಿದ್ದೆ. ಮಾಳಿಗೆ ಮೇಲಿನ್ ರೂಮಲ್ಲಿ ಒಬ್ನೇ ಕೂತು ಮುದ್ದೆ ಅಗ್ದೋನು ನಾನೇ. ಗಂಡಸು ಅತ್ತ ಅಂದ್ರೆ ನೀವ್ ನಗ್ತೀರಿ ಅಂತ ಒಂದ್ ಎಣ್ಣಿನ ತಲೆ ಮೇಲೆ ಆಕ್ದೆ. ಆಮೇಲೆ ಅದ್ನೂ ಕತ್ತರಿಸ್ದೆ. ಇನ್ ಕತ್ತರಿಸಲ್ಲ! ಈಗ ನಗ್ರಿ, ಯಾರ್ಯಾರ್ ನಗ್ತೀರೋ!”

“ಏ, ತೆರೆ ಬುಟ್ಟು ಕೂತ್ಕಳಯ್ಯೋ!” ಎಂದು ಯಾರೋ ಕೂಗಿದರು. ಹಿಂದಿನ ಸಾಲಿನವರು ಧಡಧಡ ಎದ್ದು ಹೋದರು. ಅಂಬಿಕ ತಾನಾಗೇ ಎದ್ದು ನಿಂತಳು.

“ನಾನೂ ಅಗ್ದಿವ್ನಿ! ಕಿರಂಗೂರಿನ ಅಂಬಿಕ ನಾನು. ನನ್ನೂ ನೋಡಿ ನಗ್ರಿ!”

ನಕ್ಕವರಿದ್ದರು. ಸುಳ್ಳೇಕೆ ಹೇಳಬೇಕು? ಎದ್ದು ಹೋದವರೂ ಇದ್ದರು. ಆದರೆ ಕೂತವರು ಕೂತೇ ಇದ್ದರು, ಆ ಹೆಂಗಸು ಕೊನೆಯ ತುತ್ತು ಮುಗಿಸುವ ತನಕ.

ಕತ್ತಲಲ್ಲಿ ಒಂದು ಒರಟು ಕೈ ಅಂಬಿಕಳ ಕೈ ಹುಡುಕಿ ಹಿಡಿಯಿತು.

“ಅಂಬೀ... ನೀನೂ ಎರಡೇ ಮಾಡ್ತಿದ್ಯಾ?”

“ಊಂ ಕಣವ್ವ.”

“ಇನ್ನೊಂದು ಯಾರ್ಗವ್ವ?”

“ನಿಂಗೆ.”

ಲಕ್ಷ್ಮಿದೇವಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು. ಸಿನಿಮಾ ಮುಗಿಯುವವರೆಗೂ ಮಗಳ ಕೈ ಬಿಡಲಿಲ್ಲ. ಹೊರಗೆ ಬಂದ ಮೇಲೆ ಮೂಗು ಒರೆಸಿಕೊಂಡು ಹೇಳಿದ್ದು ಒಂದೇ ಮಾತು.

“ಆ ನಾಗರಾಜ ಬರ್ಲಿ ನಾಳಿಕೆ. ಕಸಬರ್ಕೆ ತಗಂಡು ನಾನೇ ಬಾಗ್ಲಲ್ಲಿ ನಿಂತಿರ್ತೀನಿ!”

*

ಕೆ.ಆರ್.ಪೇಟೆಯವರು ಹೇಳಿದಂತೆಯೇ ಸಿನಿಮಾ ಬೇಡವೆಂದರು. ನಾಗಮಂಗಲದವರು ತೆಗೆದುಕೊಂಡರು, ಮುದ್ದೆಯ ಸೀನಿನ ಸಮೇತ. ಅಲ್ಲೂ ಅದೇ ಜಗಳ. ಒಂದು ಸಾಲು ಎದ್ದು ಹೋದರೆ ಇನ್ನೊಂದು ಸಾಲು ಕಣ್ಣೊರೆಸಿಕೊಂಡಿತು. ಆ ಸುದ್ದಿ ಹೇಳುವ ನೆಪದಲ್ಲಿ ಚಲುವರಾಜು ಒಂದು ಮಧ್ಯಾಹ್ನ ಕಿರಂಗೂರಿಗೆ ಬಂದ. ಫೋನಿನಲ್ಲೇ ಹೇಳಬಹುದಾಗಿತ್ತು ಎಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು!

“ಉಂಡ್ಕಂಡೇ ಓಗ್ಬೇಕು ಕಣಪ್ಪ. ನಂಗೆ ನಮ್ ತಂಗಿ ಮನೇಲಿ ಊಟ ಐತೆ,” ಎಂದು ಲಕ್ಷ್ಮಿದೇವಮ್ಮ ಹೊರಟುಬಿಟ್ಟರು. ತಂಗಿ ಊರಲ್ಲಿ ಇರಲೇ ಇಲ್ಲ.

ಅಂಬಿಕ ಹಿಟ್ಟು ತೊಳಸಿ, ಕೈಗೆ ನೀರು ಹಚ್ಚಿಕೊಂಡು ಮುದ್ದೆ ಕಟ್ಟಿದಳು. ಎರಡು ತಟ್ಟೆ ಇಟ್ಟು ಉಪ್ಸಾರು ಬಿಟ್ಟಳು. ಚಲುವರಾಜು ಬಾಗಿಲಲ್ಲೇ ನಿಂತಿದ್ದ.

“ಎರಡೇ ಕಟ್ಟಿದ್ದೀರಿ...”

“ನನ್ ಕೈಗೆ ಗೊತ್ತಿರೋದೇ ಅಷ್ಟು.”

“ಇನ್ನೊಂದು ಯಾರ್ಗೆ ಅಂತ ಕೇಳ್ಬೋದಾ?”

ಅವಳ ಕೆನ್ನೆ ಕೆಂಪಾಯಿತು. ಒಲೆಯ ಝಳವೆಂದು ಹೇಳಿದರೆ ಯಾರೂ ನಂಬುವಂತಿರಲಿಲ್ಲ. “ಟಾಕೀಸಲ್ಲಿ ‘ನಂಗ್ ಕೊಡವ್ವೋ’ ಅಂತ ಕೂಗ್ದೋರ್ಗೂ ಏಳ್ಲಿಲ್ಲ. ನೀವ್ ಬಂದು ಕೂತ್ರೆ ಏಳ್ತೀನಿ.”

ಅವನು ಬಂದು ಕೂತ. ತಟ್ಟೆ ನೋಡಿದ. ಅವಳನ್ನು ನೋಡಿದ.

“ಅಂಬಿಕ... ದಿನಾ ಇಂಗೇ ಎದುರುಗೆ ಕೂತ್ಕಳೋ ಆಸೆ ನಂಗೆ. ಬಾಳೋಗಂಟ. ನೀವು ಊಂ ಅಂದ್ರೆ.”

“ಊಂ,” ಎಂದಳು. ಅಷ್ಟು ಬೇಗ ಬಂದ ಉತ್ತರಕ್ಕೆ ಅವಳಿಗೇ ನಾಚಿಕೆಯಾಯಿತು.

“ಡ್ರೈವರಾಗಿದ್ದೋನು, ಓಡ್ದಿರೋ ಸಿನ್ಮಾ ಮಾಡೋನು... ಊರೋರು ನಗ್ತಾರೆ.”

“ನಗೋದಾದ್ರೆ ಆಚೆಗೋಗಿ ನಗ್ಲಿ!”

ಇಬ್ಬರೂ ನಕ್ಕರು. ಅವನು ಮುದ್ದೆ ಮುರಿದು, ಸಾರಿಗೆ ಅದ್ದಿ, ಬಾಯಿಗಿಟ್ಟುಕೊಂಡ. ಹಳೇ ಅಭ್ಯಾಸ... ಅವನಿಗೇ ಗೊತ್ತಿಲ್ಲದೆ ದವಡೆ ಆಡತೊಡಗಿತು.

ಅಂಬಿಕ ತನ್ನ ತಟ್ಟೆಯನ್ನು ಅವನ ತಟ್ಟೆಗೆ ತಾಗುವಂತೆ ಹತ್ತಿರ ಸರಿಸಿದಳು.

“ನುಂಗ್ರಿ... ನಾನಿದ್ದೀನಲ್ಲ.”

ಅವನು ನುಂಗಿದ.