ಕಣದಲ್ಲಿ ಹೇಳಬಾರದ ಸಂಖ್ಯೆ

ಆನೆಗಳಿಗೆ ಇನ್ನೂ ರೆಕ್ಕೆಗಳಿದ್ದ ಕಾಲದಲ್ಲಿ ರಾಗಿಪುರಿ ಎಂಬ ರಾಜ್ಯವಿತ್ತು. ಅಲ್ಲಿ ಬರಮವ್ವ ಎಂಬ ಹೆಂಗಸು ಕಣದಲ್ಲಿ ಕೊಳಗ ಹಿಡಿದು ಊರಿನ ರಾಗಿ ಅಳೆಯುತ್ತಿದ್ದಳು. "ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಮತ್ತೊಂದು, ಎಂಟು..." ಹೀಗೆ ಎಣಿಸುತ್ತಿದ್ದಳು. ಆರಾದ ಮೇಲಿನ ಸಂಖ್ಯೆಯನ್ನು ಕಣದಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ರಾಶಿಯ ಲಕ್ಷ್ಮಿ ತನಗೇ ಹೇಳಿದರೆಂದು ಎದ್ದು ಹೋಗುತ್ತಾಳೆ ಅಂತ ನಂಬಿಕೆ.

ಒಂದು ದಿನ ಕಪಟಸಿದ್ಧನೆಂಬ ಮಾಂತ್ರಿಕ ಆ ರಾಶಿಯನ್ನು ಕದಿಯಲು ಬಂದ. ಬರಮವ್ವನ ಮಗಳು ಕೆಂಚಿ ಅಡ್ಡ ನಿಂತಳು. ಆ ಪಾಪಿ ಅವಳನ್ನು ರಾಶಿಯ ಮೇಲೆ ಮಾಯಾನಿದ್ದೆಗೆ ಕೆಡವಿ, ಸುತ್ತಲೂ ಆರು ಹೆಡೆಯ ಹಾವನ್ನು ಕಾವಲಿಟ್ಟ. ಹೆಡೆಗೊಂದು ಅಂಕಿ: ೧೪೨೮೫೭.

"ಒಂದು ಸಂಖ್ಯೆ ಹೇಳಿ ಕೊಳಗದಿಂದ ಹೊಡಿ," ಎಂದ. "ಹಾವು ಅಷ್ಟರಿಂದ ಗುಣಿಸಿಕೊಳ್ಳುತ್ತದೆ. ಆರು ಹೆಡೆಗೂ ಒಂದೇ ಅಂಕಿ ಬಂದರೆ ಮಗಳು ನಿನ್ನವಳು. ಮೂರೇ ಏಟು. ತಪ್ಪಿದರೆ ಅವಳು ಕಲ್ಲು!"

ರಾಜ ಎಲ್ಲಿದ್ದ ಅಂತೀರಾ? ಪಲ್ಲಕ್ಕಿಯ ಪರದೆ ಎಳೆದುಕೊಂಡು ಕೂತಿದ್ದ. ಥೂ, ಅವನ ಮೀಸೆಗೆ ಬೆಂಕಿ ಹಾಕ!

ಬರಮವ್ವ ಕೊಳಗ ಎತ್ತಿ ಹೊಡೆದಳು. "ಎರಡು!"

ಹೆಡೆಗಳು ಗಿರ್ರನೆ ತಿರುಗಿದವು: ೨೮೫೭೧೪. ಅವೇ ಅಂಕಿ, ಜಾಗ ಮಾತ್ರ ಬೇರೆ. ಕೆಂಚಿಯ ಪಾದ ಕಲ್ಲಾಯಿತು. ಹಾವು ಮತ್ತೆ ಮೊದಲಿನ ಸಾಲಿಗೆ ಬಂತು.

"ಆರು!"

೮೫೭೧೪೨. ಮತ್ತೆ ಅವೇ ಅಂಕಿ! ಕೆಂಚಿ ಸೊಂಟದವರೆಗೆ ಕಲ್ಲಾದಳು. ಹಾವು ಮತ್ತೆ ಮೊದಲಿನ ಸಾಲಿಗೆ ಬಂತು.

ಮಾಂತ್ರಿಕ ಹೊಟ್ಟೆ ಹಿಡಿದುಕೊಂಡು ನಕ್ಕ. "ಇವಳನ್ನು ಬೀಸುವ ಕಲ್ಲು ಮಾಡಿಕೊಳ್ಳುತ್ತೇನೆ, ಮುದುಕಿ! ಇವಳು ತಡೆದ ರಾಗಿಯನ್ನು ಇವಳಿಂದಲೇ ಬೀಸಿ ಉಣ್ಣುತ್ತೇನೆ!"

ಬರಮವ್ವನಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಗುಣಾಕಾರ ಮರೆತುಹೋಯಿತು, ಕಣದ ಕಟ್ಟಳೆಯೂ ಮರೆತುಹೋಯಿತು. "ನಿನ್ನ ಬಾಯಿಗೆ ಮಣ್ಣು ಬೀಳ!" ಎಂದು ಕೊಳಗ ಬೀಸಿದಳು. ಅದು ಹಾವಿಗೆ ಬಡಿಯುವ ಹೊತ್ತಿಗೆ ಮಗಳನ್ನು ಕೂಗಿದಳು.

"ಕೆಂಚೀ, ಏಳು!"

ಹೆಡೆಗಳು ತಿರುಗಿ ನಿಂತವು: ೯೯೯೯೯೯.

ಈ ಊರಿನವರು ಸತ್ತರೂ ಆ ಸಂಖ್ಯೆ ಹೇಳುವುದಿಲ್ಲ ಅಂತಲೇ ಕಳ್ಳ ಅದನ್ನು ಬೀಗದ ಕೈ ಮಾಡಿದ್ದ. ಹೆತ್ತವಳು ಮಗಳನ್ನು ಏನಂತ ಎಬ್ಬಿಸುತ್ತಾಳೆ ಅನ್ನುವುದು ಅವನಿಗೆ ಹೊಳೆದಿರಲಿಲ್ಲ. ಹಾವು ಸಿಡಿಯಿತು. ಮಾಂತ್ರಿಕ ರಾಗಿಯ ಹೊಟ್ಟಾಗಿ ಗಾಳಿಯಲ್ಲಿ ತೂರಿಹೋದ.

ಕೆಂಚಿ ಕಣ್ಣುಜ್ಜಿಕೊಂಡು ಎದ್ದಳು. "ಅವ್ವಾ, ಕಣದಲ್ಲಿ ಆ ಮಾತು ಅನ್ನಬಾರದಲ್ವಾ? ಲಕ್ಷ್ಮಿ ಎದ್ದು ಹೋಗ್ತಾಳೆ."

"ಎದ್ದಳಲ್ಲ, ಕಣ್ಣಾರೆ ಕಂಡೆ. ನಡಿ ಮನೆಗೆ," ಎಂದಳು ಬರಮವ್ವ, ಮಗಳ ಕೆನ್ನೆ ಹಿಡಿದು ಅಳುತ್ತಾ.

ಆಗ ಪರದೆ ಸರಿಸಿ ಇಳಿದು ಬಂದ ನೋಡಿ ನಮ್ಮ ಶೂರ! ಬರಮವ್ವ ಅವನ ಬೆನ್ನಿಗೇ ಚೀಲ ಹೊರಿಸಿ ಮನೆಮನೆಗೆ ರಾಗಿ ಮುಟ್ಟಿಸಿದಳು. ರಾಜನ ಸೊಂಟ ಒಂದು ಬಿಟ್ಟು ಉಳಿದವರೆಲ್ಲ ಸುಖವಾಗಿದ್ದರು.

ಅಂದಿನಿಂದ ರಾಗಿಪುರಿಯ ಕಣದಲ್ಲಿ ಆರು ಕೊಳಗ ಆದ ಮೇಲೆ ಹೆಂಗಸರೆಲ್ಲ ಗಂಟಲು ಹರಿಯುವಂತೆ ಕೂಗುತ್ತಾರೆ: "ಏಳು!"