ಗಾಳಿ ಕಾಯುವ ಪಾಲುದಾರ

ಗಾಳಿ ನಿಂತುಹೋಯಿತು.

ನಾನು ಐವತ್ತು ಅಡಿ ನೀರಿನ ಕೆಳಗಿದ್ದೆ. ಬಾಯಲ್ಲಿ ರಬ್ಬರ್ ಪೈಪು. ಅದರ ಇನ್ನೊಂದು ತುದಿ ಮೇಲೆ, ದೋಣಿಯ ಕಂಪ್ರೆಸರ್‌ನಲ್ಲಿ. ಅದನ್ನು ಕಾಯುತ್ತಿದ್ದವನು ಇನೋಕೆ.

ಪೈಪು ಎಳೆದೆ. ಸಲೀಸಾಗಿ ಬಂತು... ತುದಿಯಲ್ಲಿ ಚಾಕುವಿನ ಗುರುತು!

ಮೇಲೆ ಬಂದಾಗ ಎದೆ ಸಿಡಿಯುವಂತಿತ್ತು. ಬಿರುಗಾಳಿಯ ಕರಿಮೋಡ ಸಮುದ್ರಕ್ಕೆ ಇಳಿದಿತ್ತು. ದೋಣಿ ನಮ್ಮ ದ್ವೀಪದ ಸಾವುಸಾವು ಎಂಬ ಬಂದರಿನ ಕಡೆ ಓಡುತ್ತಿತ್ತು. ಕೂಗಿದೆ. ಇನೋಕೆ ತಿರುಗಿ ನೋಡಿದ.

ನೋಡಿ, ವೇಗ ಹೆಚ್ಚಿಸಿದ.

ಕೊಲ್ಲುವವನು ಒಂದು ಕಾರಣ ಹುಡುಕುತ್ತಾನೆ. ಪುಕ್ಕಲನಿಗೆ ಒಂದು ಮೋಡ ಸಾಕು.

ಇನೋಕೆ ಎಂಥವನು ಎಂದು ತಿಳಿಯಲೆಂದೇ ಸೆರೈಮಾ ಎಂಬ ಹುಡುಗಿ ನನ್ನನ್ನು ಕಳಿಸಿದ್ದಳು. ಪೊಲೀಸ್ ಕೆಲಸ ಬಿಟ್ಟಮೇಲೆ ಇಂಥ ವಿಚಾರಣೆಯೇ ನನ್ನ ಅನ್ನ. ಶುಕ್ರವಾರ ಅವಳೂ ಇನೋಕೆಯೂ ಸೇರಿ ಮುತ್ತಿನ ಕಂಪನಿ ಶುರುಮಾಡುವವರಿದ್ದರು. ಆಮೇಲೆ ಮುತ್ತಿನ ಚಿಪ್ಪು ನೋಡಲು ದಿನಾ ಮುಳುಗಬೇಕಾದವಳು ಅವಳು. ಮೇಲೆ ಗಾಳಿ ಕಾಯುವವನು ಅವನು. ನಾನು ಕೂಲಿ ಬೇಕೆಂದು ಅವನ ದೋಣಿ ಹತ್ತಿದ್ದೆ.

ಈಜಿದೆ. ಹವಳದ ದಿಬ್ಬ ಹಿಡಿದು, ಅಂಗೈ ಹರಿದುಕೊಂಡು, ಹೇಗೋ ಮನೆ ಸೇರಿದೆ.

ಚಾಪೆಯ ಮೇಲೆ ಇನೋಕೆಯ ಮನೆತನದ ಹಿರಿಯರು ತಲೆ ತಗ್ಗಿಸಿ ಕೂತಿದ್ದರು. ಎದುರಿಗೆ ನನ್ನ ದೊಡ್ಡಪ್ಪ. ನನ್ನ ಸಾವಿಗೆ ಕ್ಷಮೆ ಕೇಳಲು ಬಂದವರು ಅವರು. ನಾನೇ ಒಳಗೆ ಬಂದದ್ದು ಎಲ್ಲರಿಗೂ ಸ್ವಲ್ಪ ಮುಜುಗರ.

ಆದರೂ ತಿಮಿಂಗಿಲದ ಹಲ್ಲನ್ನು ಮುಂದೆ ಚಾಚಿದರು. ನಮ್ಮಲ್ಲಿ ಅದನ್ನು ಕೈಗೆ ತೆಗೆದುಕೊಂಡರೆ ತಪ್ಪು ಅಲ್ಲಿಗೆ ಮುಗಿಯಿತು. ಆಮೇಲೆ ಆ ಮಾತನ್ನು ಎತ್ತುವಂತಿಲ್ಲ... ಯಾರ ಹತ್ತಿರವೂ.

"ಮುಟ್ಟಬೇಡಿ ದೊಡ್ಡಪ್ಪ. ಒಂದು ಹುಡುಗಿಯ ಜೀವ ಇದೆ ಇದ್ರಲ್ಲಿ."

"ಬದುಕಿ ಬಂದಿದೀಯಲ್ಲೋ. ಇನ್ನೇನು ಬೇಕು ನಿಂಗೆ?"

ದೊಡ್ಡಪ್ಪ ಹಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಗುರುವಾರ ಸೆರೈಮಾ ಬಂದಳು.

"ಹೇಳಣ್ಣ. ಇನೋಕೆ ಹೇಗೆ?"

ಬೇರೆ ಯಾರನ್ನಾದರೂ ನೋಡು ಎಂದೆ. ಯಾಕೆ ಎಂದಳು. ಹೇಳಲು ಬಾಯಿ ತೆರೆದೆ. ಒಳಕೋಣೆಯಲ್ಲಿ ದೊಡ್ಡಪ್ಪ ಕೆಮ್ಮಿದರು.

ಹರಿದ ಅಂಗೈಯನ್ನು ಬೆನ್ನ ಹಿಂದೆ ಸರಿಸಿದೆ.

"ಕಾರಣ ಇಲ್ದೆ ಒಬ್ಬನ್ನ ಬೇಡ ಅನ್ನೋಕಾಗುತ್ತಾ? ನಿನ್ನ ಪೊಲೀಸ್ ಬುದ್ಧಿ ಇನ್ನೂ ಹೋಗಿಲ್ಲ," ಎಂದು ನಕ್ಕಳು. "ಅವನ ಮನೆಯವರು ಎಷ್ಟು ಮರ್ಯಾದಸ್ಥರು ಗೊತ್ತಾ?"

ಗೊತ್ತಿತ್ತು.

ಶುಕ್ರವಾರ ಇಬ್ಬರೂ ಸಹಿ ಮಾಡಿದರು. ಇಬ್ಬರನ್ನೂ ಚೆನ್ನಾಗಿ ಬಲ್ಲ ಸಾಕ್ಷಿಯೊಬ್ಬ ಬೇಕು ಎಂದರು ವಕೀಲರು.

ಪೆನ್ನು ತೆಗೆದುಕೊಂಡೆ. ಇನೋಕೆಯನ್ನು ನನ್ನಷ್ಟು ಬಲ್ಲವರು ಆ ಊರಿನಲ್ಲಿ ಇನ್ಯಾರಿದ್ದರು!